ಗಾಯದ ಕಲೆ ಮತ್ತು ಚರ್ಮದ ಎಳೆತ

ಕಣ್ಣಿನ ರೆಪ್ಪೆಗೆ ಹಾಕಿದ ಹೊಲಿಗೆ ಕೆಲವು ತಿಂಗಳಾದ ಮೇಲೆ ಹುಡುಕಿದರೂ ಸಿಗಲ್ಲ. ಅದೇ ಮನುಷ್ಯನ ಎದೆಯ ನಡುವೆ ಹಾಕಿದ್ದು ಹಗ್ಗದ ಹಾಗೆ ದಪ್ಪಗೆ ಎದ್ದಿರುತ್ತದೆ. ಹೊಲಿದ ಕೈ ಒಂದೇ ಆಗಿದ್ದರೂ ಹೀಗಾಗುತ್ತದೆ. ಇದಕ್ಕೆ ದೊಡ್ಡ ಕಾರಣ ಎಳೆತ. ರೆಪ್ಪೆಯ ಚರ್ಮ ಸಡಿಲ. ಎದೆಯ ಚರ್ಮವನ್ನು ಉಸಿರಾಡುವಾಗ, ಕೈ ಎತ್ತುವಾಗ, ಮಗ್ಗುಲು ಬದಲಿಸುವಾಗ ನಾವು ಎರಡೂ ಕಡೆಯಿಂದ ಜಗ್ಗುತ್ತಲೇ ಇರುತ್ತೇವೆ. ನನ್ನ ಹತ್ತಿರ ಬರುವವರು ಯಾವ ಕ್ರೀಮ್ ಹಚ್ಚಲಿ ಅಂತ ಕೇಳುತ್ತಾರೆ. ನಾನು ಮೊದಲು ನೋಡುವುದು ಗಾಯ ಯಾವ ದಿಕ್ಕಿಗೆ ಎಳೆದುಕೊಳ್ಳುತ್ತಿದೆ ಅನ್ನುವುದನ್ನು.

ಗಾಯದ ಜಾಗ ತುಂಬುವುದು ಫೈಬ್ರೋಬ್ಲಾಸ್ಟ್ ಅನ್ನುವ ಜೀವಕೋಶಗಳು. ಇವು ಸುಮ್ನೆ ಕೂತು ಚರ್ಮಕ್ಕೆ ಬಲ ಕೊಡುವ ಕೊಲಾಜನ್ ನಾರು ಮಾಡುವುದಷ್ಟೇ ಅಲ್ಲ, ಸುತ್ತಲಿನ ಜಾಗವನ್ನು ಜಗ್ಗಿಯೂ ನೋಡುತ್ತವೆ. ಜಾಗ ಮೆತ್ತಗಿದ್ದರೆ ಒಂದು ದಾರಿ, ಬಿರುಸಾಗಿದ್ದರೆ ಇನ್ನೊಂದು. ಬಿರುಸು ಜಾಸ್ತಿಯಾದರೆ ಅವು ಸ್ನಾಯುವಿನಂತೆ ಕುಗ್ಗುವ ಶಕ್ತಿ ಪಡೆದು ಮಯೋಫೈಬ್ರೋಬ್ಲಾಸ್ಟ್ ಆಗುತ್ತವೆ. ಗಬ್ಬಿಯಾನಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇವನ್ನು 1971ರಲ್ಲೇ ವಿವರಿಸಿದ್ದರು. ಕೋಶ ಕುಗ್ಗಿದಷ್ಟೂ ಜಾಗ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಕೋಶ ಇನ್ನೂ ಕುಗ್ಗುತ್ತದೆ. ಈ ಸುತ್ತು ನಿಲ್ಲದೇ ಹೋದಾಗಲೇ ಸುಟ್ಟ ಗಾಯ ಮಾಯ್ದ ಮೇಲೂ ಮೊಣಕೈ ಮಡಿಚಿಕೊಂಡೇ ಉಳಿಯುವುದು, ಗದ್ದ ಎದೆಗೆ ಅಂಟಿಕೊಳ್ಳುವುದು.

ಎಲ್ಲ ಪ್ರಾಣಿಗಳಲ್ಲೂ ಹೀಗಾಗುವುದಿಲ್ಲ. ಆಫ್ರಿಕಾದಲ್ಲಿ ಬೆನ್ನ ಮೇಲೆ ಮುಳ್ಳಿನಂಥ ಕೂದಲಿರುವ ಅಕೋಮಿಸ್ ಅನ್ನುವ ಇಲಿ ಇದೆ. ಅದನ್ನು ಹಿಡಿದರೆ ಚರ್ಮವೇ ಕಿತ್ತು ಕೈಗೆ ಬರುತ್ತದೆ, ಇಲಿ ತಪ್ಪಿಸಿಕೊಳ್ಳುತ್ತದೆ. ಆಶ್ಲಿ ಸೈಫರ್ಟ್ ಮತ್ತು ತಂಡ ಕೀನ್ಯಾದಲ್ಲಿ ಇವನ್ನು ಹಿಡಿದು ಪರೀಕ್ಷೆ ಮಾಡಿ 2012ರಲ್ಲಿ ವರದಿ ಕೊಟ್ಟರು. ಸಾಮಾನ್ಯ ಇಲಿಯ ಚರ್ಮ ಇದಕ್ಕಿಂತ ಸುಮಾರು 20 ಪಟ್ಟು ಗಟ್ಟಿ, ಹರಿಯಲು 77 ಪಟ್ಟು ಹೆಚ್ಚು ಶಕ್ತಿ ಬೇಕು. ಇಷ್ಟು ದುರ್ಬಲ ಚರ್ಮ ಕಿತ್ತುಹೋದ ಮೇಲೆ ಕೂದಲು, ಗ್ರಂಥಿ ಸಮೇತ ಮತ್ತೆ ಬೆಳೆಯುತ್ತದೆ. ಕಿವಿಗೆ 4 ಮಿಲಿಮೀಟರ್ ತೂತು ಮಾಡಿದರೂ ಮೃದ್ವಸ್ಥಿ ಸಹಿತ ಮುಚ್ಚಿಕೊಳ್ಳುತ್ತದೆ. ಆ ಗಾಯದೊಳಗೆ ಕಂಡದ್ದು ಸಡಿಲವಾಗಿ ಹರಡಿದ ನಾರುಗಳು, ಅದರಲ್ಲೂ ತೆಳುವಾದ ಮೂರನೇ ಬಗೆಯ ಕೊಲಾಜನ್ ಜಾಸ್ತಿ. ನಮ್ಮ ಕಲೆಯಲ್ಲಿ ಒಂದನೇ ಬಗೆಯ ದಪ್ಪ ನಾರುಗಳು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅಲ್ಲಿ ಕೂದಲು ಮತ್ತೆ ಹುಟ್ಟುವುದೇ ಅಪರೂಪ.

ಹಾಗಾದರೆ ಎಳೆತದ ಸುದ್ದಿ ಕೋಶಕ್ಕೆ ಮುಟ್ಟದಂತೆ ತಡೆದರೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅದನ್ನೇ ಮಾಡಿ ನೋಡಿದರು. ಆ ಸುದ್ದಿ ಒಯ್ಯುವ ವೈಎಪಿ ಪ್ರೋಟೀನನ್ನು ಇಲಿಗಳಲ್ಲಿ ವರ್ಟೆಪೋರ್ಫಿನ್ ಎಂಬ ಔಷಧಿಯಿಂದ ಅಡ್ಡಗಟ್ಟಿದಾಗ ಗಾಯದ ಜಾಗದಲ್ಲಿ ಕೂದಲು, ಗ್ರಂಥಿ ಮರಳಿ ಬಂದವು. ಅದು 2021ರ ಕೆಲಸ. ಕಣ್ಣಿನ ಚಿಕಿತ್ಸೆಯಲ್ಲಿ ಈಗಾಗಲೇ ಬಳಸುವ ಔಷಧಿ ಇದು. ಇದರ ಬಗ್ಗೆ ನನಗೆ ನಿಜಕ್ಕೂ ತುಂಬಾ ಆಸೆ ಇದೆ, ಆದರೆ ಇಲಿಯ ಬೆನ್ನು ಬೇರೆ, ನಮ್ಮ ಎದೆ ಬೇರೆ ಅಲ್ವಾ?

ಸದ್ಯಕ್ಕೆ ನಮ್ಮ ಕೈಲಿರುವುದು ಹೊರಗಿನ ಎಳೆತ ಕಡಿಮೆ ಮಾಡುವುದು. ಹೊಲಿಗೆ ಬಿಚ್ಚಿದ ದಿನ ಗಾಯ ಮುಚ್ಚಿದಂತೆ ಕಂಡರೂ 3 ವಾರದ ಹೊತ್ತಿಗೆ ಅದರ ಬಲ ಮೊದಲಿನ ಚರ್ಮದ ಐದನೇ ಒಂದು ಭಾಗದಷ್ಟೇ. ವರ್ಷ ಕಳೆದರೂ ಶೇಕಡಾ 80ರ ಆಸುಪಾಸಿಗೆ ನಿಲ್ಲುತ್ತದೆ. ಅದಕ್ಕೇ ಭುಜ, ಎದೆ, ಬೆನ್ನಿನ ಗಾಯಕ್ಕೆ ಸುಮಾರು 3 ತಿಂಗಳು ಪೇಪರ್ ಟೇಪ್ ಅಥವಾ ಸಿಲಿಕೋನ್ ಶೀಟ್ ಅಂಟಿಸಿ ಅನ್ನುತ್ತೇನೆ.

ಆಳವಾಗಿ ಸುಟ್ಟ ಗಾಯದ ಲೆಕ್ಕ ಬೇರೆ. ಅಲ್ಲಿ ಕೋಶಗಳೇ ಒಳಕ್ಕೆ ಎಳೆಯುತ್ತಿರುತ್ತವೆ, ಅದಕ್ಕೆ ಎದುರಾಗಿ ಅಂಗವನ್ನು ಚಾಚಿ ಹಿಡಿಯಬೇಕು. ಮೊಣಕೈ ಒಳಬದಿ ಸುಟ್ಟಿದ್ದರೆ ಕೈ ನೀಟಾಗಿ ಚಾಚಿಟ್ಟು, ಮಡಿಚದಂತೆ ಹಿಡಿಯುವ ಗಟ್ಟಿ ಪಟ್ಟಿ, ಅಂದರೆ ಸ್ಪ್ಲಿಂಟ್, ಕಟ್ಟುತ್ತೇವೆ. ಕುತ್ತಿಗೆಯ ಮುಂಭಾಗ ಸುಟ್ಟಿದ್ದರೆ ತಲೆಯ ಕೆಳಗೆ ದಿಂಬು ಇಡಬೇಡಿ, ಬೇಕಿದ್ದರೆ ಭುಜದ ಕೆಳಗೆ ಮಡಿಸಿದ ಟವೆಲ್ ಇಡಿ, ಎಷ್ಟು ದಿನ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ರೋಗಿ ನರಳುವುದು ನೋಡಲಾರದೆ ಮನೆಯವರು ರಾತ್ರಿ ದಿಂಬು ಕೊಟ್ಟುಬಿಡುತ್ತಾರೆ. ದಯವಿಟ್ಟು ಕೊಡಬೇಡಿ.