ಮೈಗೆ ತೊಡುವ ಅಂತರ

ವಾಸ್ತುಶಿಲ್ಪ ಕಲಿಯಲು ಬಂದವರಿಗೆ ಮೊದಲ ವರ್ಷದಲ್ಲೇ ಕೊಡುವ ಒಂದು ಅಭ್ಯಾಸವಿದೆ. ನಿಮ್ಮ ಸುತ್ತ ನಿಮಗೆ ಎಷ್ಟು ಜಾಗ ಬೇಕೆಂದು ಅಳೆಯಿರಿ, ಆಮೇಲೆ ಅದನ್ನು ಮೈಮೇಲೆ ತೊಟ್ಟು ನಡೆಯಬಹುದಾದ ರಚನೆಯಾಗಿ ಕಟ್ಟಿ. ಗೋಡೆ ಇಲ್ಲ, ಚಾವಣಿ ಇಲ್ಲ, ನಿವೇಶನವಂತೂ ಇಲ್ಲವೇ ಇಲ್ಲ. ಸೊಂಟ ಮತ್ತು ಭುಜಗಳೇ ತಳಪಾಯ. ಜಗತ್ತಿನ ಹಲವು ವಿನ್ಯಾಸ ಶಾಲೆಗಳಲ್ಲಿ ನಡೆಯುವ ಈ ಅಭ್ಯಾಸವನ್ನು ಶಿವಮೊಗ್ಗದಲ್ಲಿ ಮಾಡಿಸುವಾಗ ನಾನು ವಿದೇಶದ ಚಿತ್ರಗಳನ್ನು ಮೊದಲು ತೋರಿಸುವುದಿಲ್ಲ. ತೀರ್ಥಹಳ್ಳಿ ಕಡೆಯ ಯಾರ ಮನೆಯ ಅಟ್ಟದಲ್ಲಾದರೂ ಇನ್ನೂ ಉಳಿದಿರುವ ಒಂದು ಗೊರಬನ್ನು ತರಿಸುತ್ತೇನೆ.

ಈಗಿನ ಮಕ್ಕಳಲ್ಲಿ ಅರ್ಧದಷ್ಟು ಜನ ಅದನ್ನು ಕಂಡಿರುವುದಿಲ್ಲ. ಬಿದಿರಿನ ತೆಳು ಸೀಳುಗಳ ಹೆಣಿಗೆ, ಅದರ ನಡುವೆ ಒತ್ತಾಗಿ ಹಾಸಿದ ಎಲೆ. ತಲೆಯ ಮೇಲೆ ಕೂತು ಬೆನ್ನಿನುದ್ದಕ್ಕೂ ಇಳಿಯುವ ಅರ್ಧ ಡೋಣಿಯ ಆಕಾರ. ಕೊಡೆ ನಿಂತವರಿಗೆ, ಗೊರಬು ಬಗ್ಗಿದವರಿಗೆ. ಸಸಿ ನೆಡುವಾಗ ಎರಡೂ ಕೈ ಕೆಸರಿನಲ್ಲಿರುತ್ತವೆ, ಮಳೆ ಬೀಳುವುದು ಬೆನ್ನಿನ ಮೇಲೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಸೀಮೆಯಲ್ಲಿ ಯಾರೋ ಬಹಳ ಹಿಂದೆಯೇ ಈ ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದಾರೆ. ಮುಂಭಾಗ ಪೂರ್ತಿ ತೆರೆದಿದೆ, ಹಿಂಭಾಗ ಪೂರ್ತಿ ಮುಚ್ಚಿದೆ. ಸಾಲಿನಲ್ಲಿ ನೆಡುವ ಇಬ್ಬರ ನಡುವಿನ ಅಂತರವನ್ನೂ ಗೊರಬಿನ ಅಗಲವೇ ತೀರ್ಮಾನಿಸುತ್ತದೆ. ಅಂಚಿಗೆ ಅಂಚು ತಾಗಿದರೆ ಒಬ್ಬರು ಅರ್ಧ ಹೆಜ್ಜೆ ಸರಿಯುತ್ತಾರೆ, ಜಗಳವಿಲ್ಲ, ಮಾತೂ ಬೇಕಿಲ್ಲ. ನನಗೆ ಬೇಕಾದ ಪಾಠವೆಲ್ಲ ಆ ಅಂಚಿನಲ್ಲಿದೆ. ತೊಡುವ ರಚನೆಯ ವಿನ್ಯಾಸವೆಂದರೆ ಅದರ ಗಾತ್ರವನ್ನು ನಿರ್ಧರಿಸುವುದಲ್ಲ. ಅದರ ಅಂಚು ಇನ್ನೊಬ್ಬರಿಗೆ ತಾಗಿದಾಗ ಏನು ಮಾಡಬೇಕು, ಆ ತೀರ್ಮಾನ ಯಾರ ಕೈಯಲ್ಲಿರಬೇಕು ಎಂಬುದನ್ನು ನಿರ್ಧರಿಸುವುದು.

ಅಳತೆಯ ಮಾತು ಬಂದಾಗ ಎಲ್ಲರೂ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರ ಹೆಸರು ಹೇಳುತ್ತಾರೆ. 1960ರ ದಶಕದಲ್ಲಿ ಅವರು ಮನುಷ್ಯರ ನಡುವಿನ ದೂರವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು: ಸುಮಾರು 45 ಸೆಂಟಿಮೀಟರ್ ಒಳಗಿನದು ಆಪ್ತರಿಗೆ, ಅಲ್ಲಿಂದ 1.2 ಮೀಟರ್‌ವರೆಗಿನದು ವೈಯಕ್ತಿಕ, 3.6 ಮೀಟರ್‌ವರೆಗಿನದು ಸಾಮಾಜಿಕ, ಅದರಾಚೆಗಿನದು ಸಾರ್ವಜನಿಕ. ಪಠ್ಯಪುಸ್ತಕಗಳು ಈ ಅಂಕಿಗಳನ್ನು ಇಟ್ಟುಕೊಂಡು ಅವರ ಎಚ್ಚರಿಕೆಯನ್ನು ಬಿಟ್ಟುಬಿಟ್ಟಿವೆ. ತಾವು ಗಮನಿಸಿದ್ದು ಬಹುತೇಕ ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮ ವರ್ಗದವರನ್ನು, ಇದನ್ನು ಎಲ್ಲ ಮನುಷ್ಯರಿಗೂ ಹಚ್ಚಬೇಡಿ ಎಂದು ಹಾಲ್ ಅವರೇ ಹೇಳಿದ್ದರು. 2017ರಲ್ಲಿ ಪ್ರಕಟವಾದ, 42 ದೇಶಗಳ ಸುಮಾರು ಒಂಬತ್ತು ಸಾವಿರ ಜನರನ್ನು ಕೇಳಿ ನಡೆಸಿದ ಅಧ್ಯಯನ ಕೂಡ ದೇಶದಿಂದ ದೇಶಕ್ಕೆ ಈ ದೂರ ಸಾಕಷ್ಟು ಬದಲಾಗುತ್ತದೆ ಎಂದೇ ತೋರಿಸಿತು. ಸಂಜೆ ಐದರ ಸಾಗರದ ಬಸ್ಸು ಹತ್ತಿದವರಿಗೆ ಇದನ್ನು ಹೇಳಲು ಅಧ್ಯಯನ ಬೇಕಿರಲಿಲ್ಲ, ಆ ಮಾತು ಬೇರೆ. ಅಲ್ಲಿ 45 ಸೆಂಟಿಮೀಟರಿನಲ್ಲಿ ಇಬ್ಬರು ನಿಂತಿರುತ್ತಾರೆ, ಮೂರನೆಯವರ ಟಿಫಿನ್ ಕ್ಯಾರಿಯರ್ ಬೇರೆ.

ಆದರೆ ಅದೇ ಬಸ್ಸಿನಲ್ಲಿ ಇನ್ನೊಂದನ್ನೂ ಗಮನಿಸಿ. ಕಾಲೇಜಿನ ಹುಡುಗಿಯರು ಬಸ್ಸು ಹತ್ತಿದ ಕೂಡಲೇ ಬೆನ್ನಿನ ಬ್ಯಾಗನ್ನು ಎದೆಗೆ ತಂದುಕೊಳ್ಳುತ್ತಾರೆ, ಇಲ್ಲವೇ ಪುಸ್ತಕ ಅವುಚಿಕೊಂಡು ಮೊಣಕೈಯನ್ನು ಹೊರಗೆ ಚಾಚುತ್ತಾರೆ. ಅದೂ ತೊಡುವ ರಚನೆಯೇ, ಅದಕ್ಕೂ ವಿನ್ಯಾಸವಿದೆ. ನಮ್ಮವರಿಗೆ ವೈಯಕ್ತಿಕ ಜಾಗದ ಕಲ್ಪನೆಯೇ ಇಲ್ಲ ಎನ್ನುವವರು ಆ ಮೊಣಕೈಯನ್ನು ನೋಡಿಲ್ಲ.

ಇಲ್ಲಿ ಅಂತರದ ಬಗ್ಗೆ ಮಾತನಾಡುವಾಗ ಒಂದು ವಿಷಯವನ್ನು ಬದಿಗಿಟ್ಟು ಮುಂದೆ ಹೋಗಲು ಬರುವುದಿಲ್ಲ. ಮಲೆನಾಡಿನ ತೊಟ್ಟಿಮನೆಯನ್ನು ನಾವು ವಾಸ್ತುಶಿಲ್ಪಿಗಳು ಬಾಯಿತುಂಬ ಹೊಗಳುತ್ತೇವೆ: ಅಂಗಳ, ಜಗಲಿ, ಪಡಸಾಲೆ, ನಡುಮನೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಹದದ ಆಪ್ತತೆ ಎಂದು. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗಲಿ ಏರಬಹುದು, ಯಾರು ಒಳಗೆ ಬರಬಹುದು ಎಂಬುದನ್ನು ಆ ಮೆಟ್ಟಿಲುಗಳು ಜಾತಿ ನೋಡಿ ಹೇಳುತ್ತಿದ್ದವು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದರೂ ಮನೆಯ ನಕ್ಷೆಯಲ್ಲಿ ಆ ಗೆರೆಗಳು ಉಳಿದವು. ಬೇಕೆಂದು ಕಾಯ್ದುಕೊಂಡ ಅಂತರವೂ ಹೇರಿಸಿಕೊಂಡ ಅಂತರವೂ ಟೇಪಿನಲ್ಲಿ ಒಂದೇ ಅಳತೆ ತೋರಿಸಬಹುದು. ಆದ್ದರಿಂದ ನನ್ನ ತರಗತಿಯಲ್ಲಿ ಒಂದು ನಿಯಮವಿದೆ: ರಚನೆಯ ಹಿಡಿಕೆ ತೊಟ್ಟವರ ಕೈಯಲ್ಲೇ ಇರಬೇಕು, ತೊಟ್ಟವರು ಬೇಕೆಂದಾಗ ಅದು ಮಡಚಿಕೊಳ್ಳಬೇಕು, ಎದುರಿನವರಿಗೆ ಅದು ಅಪ್ಪಣೆ ಕೊಡಬಾರದು, ನೋವನ್ನಂತೂ ಮಾಡಲೇಬಾರದು. ಮುಳ್ಳು, ಮೊಳೆ, ಚೂಪು ತುದಿ ಇರುವ ನಕ್ಷೆಗಳು ಪ್ರತಿವರ್ಷ ಬರುತ್ತವೆ. ನೋಡಲು ಚೆಂದವಿರುತ್ತವೆ. ಅವನ್ನು ವಾಪಸು ಕೊಡುತ್ತೇನೆ.

ಅಳೆಯುವ ಕ್ರಮ ಸುಲಭ. ಒಬ್ಬರು ನಿಂತಿರುತ್ತಾರೆ, ಇನ್ನೊಬ್ಬರು ನಿಧಾನವಾಗಿ ಹತ್ತಿರ ಬರುತ್ತಾರೆ, ನಿಂತವರಿಗೆ ಇರಿಸುಮುರಿಸಾದ ಕ್ಷಣ 'ಸಾಕು' ಎನ್ನಬೇಕು. ನೆಲದ ಮೇಲೆ ಸೀಮೆಸುಣ್ಣದ ಗುರುತು. ಎಂಟು ದಿಕ್ಕಿನಿಂದಲೂ ಇದನ್ನು ಮಾಡಿ ಗುರುತುಗಳನ್ನು ಸೇರಿಸಿದರೆ ಎಲ್ಲರೂ ಊಹಿಸಿದ್ದ ವೃತ್ತ ಬರುವುದಿಲ್ಲ, ಮುಂದಕ್ಕೆ ಉಬ್ಬಿದ, ಬದಿಗಳಲ್ಲಿ ಕುಗ್ಗಿದ ಸೊಟ್ಟ ಆಕಾರ ಬರುತ್ತದೆ. ಬರುವವರು ಗೆಳತಿಯಾದರೆ ಒಂದು ಆಕಾರ, ಅಪರಿಚಿತರಾದರೆ ಇನ್ನೊಂದು. ಕೋಣೆಯ ಮೂಲೆಯಲ್ಲಿ ನಿಲ್ಲಿಸಿ ಅಳೆದರೆ ಮತ್ತಷ್ಟು ದೊಡ್ಡದು, ಏಕೆಂದರೆ ಹಿಂದೆ ಸರಿಯಲು ದಾರಿಯಿಲ್ಲ. 2020ರಲ್ಲಿ ಪಡಿತರ ಅಂಗಡಿಗಳ ಮುಂದೆ ಬಳಿದಿದ್ದ ಸುಣ್ಣದ ವೃತ್ತಗಳು ರೋಗಾಣುವಿನ ದೂರವನ್ನು ಅಳೆದಿದ್ದವು, ಮನುಷ್ಯರದ್ದನ್ನಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಅಳತೆ ಸಾಕಾಯಿತು.

ಈಗ ಕಟ್ಟುವ ಕೆಲಸ. ಬಹುತೇಕ ಯೋಜನೆಗಳು ಮುಗ್ಗರಿಸುವುದು ಇಲ್ಲಿ, ಅದೂ ಭೌತಶಾಸ್ತ್ರದ ಸರಳ ಪಾಠದಲ್ಲಿ. ಬೆನ್ನುಮೂಳೆಯಿಂದ 60 ಸೆಂಟಿಮೀಟರ್ ಆಚೆ ತೂಗುವ ಅರ್ಧ ಕಿಲೋ ತೂಕ, 10 ಸೆಂಟಿಮೀಟರ್ ದೂರದಲ್ಲಿರುವ ಮೂರು ಕಿಲೋ ತೂಕದಷ್ಟೇ ಬೆನ್ನನ್ನು ಜಗ್ಗುತ್ತದೆ. ಶಾಲಾ ಬ್ಯಾಗಿನ ಭಾರ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು ಎಂದು 2020ರ ಕೇಂದ್ರದ ನೀತಿ ಹೇಳುತ್ತದೆ. ಮೈಯಿಂದ ದೂರಕ್ಕೆ ಚಾಚುವ ರಚನೆಗೆ ಆ ಮಿತಿಯೂ ದುಬಾರಿ. ಭಾರವನ್ನು ಭುಜದಿಂದ ಇಳಿಸಿ ಸೊಂಟದ ಮೂಳೆಯ ಮೇಲೆ ಕೂರಿಸಬೇಕು, ಮುಂದಕ್ಕೆ ಚಾಚಿದ್ದಕ್ಕೆ ಹಿಂದೆ ಸರಿದೂಗಿಸುವ ತೂಕ ಕೊಡಬೇಕು. ಚಾಚಿದ ಬಿದಿರಿನ ಸೀಳಿನ ತುದಿಯಲ್ಲಿ ಏನಾದರೂ ತೂಗಿದರೆ ಇನ್ನೊಂದು ಪೇಚು. ಸೀಳಿನ ಉದ್ದವನ್ನು ಎರಡು ಪಟ್ಟು ಮಾಡಿದರೆ ತುದಿಯ ಬಾಗು ಎಂಟು ಪಟ್ಟಾಗುತ್ತದೆ. ಸಮಾಧಾನವೆಂದರೆ ದಪ್ಪವನ್ನು ಇಮ್ಮಡಿಸಿದರೆ ಬಾಗದೆ ನಿಲ್ಲುವ ಬಿಗಿಯೂ ಎಂಟು ಪಟ್ಟು. ಮೇದಾರರ ಕೈಗೆ ಈ ಸೂತ್ರ ಪುಸ್ತಕವಿಲ್ಲದೆ ಗೊತ್ತು. ಬುಟ್ಟಿಯ ಕಂಠಕ್ಕೆ ಯಾವ ದಪ್ಪ, ಹೊಟ್ಟೆಗೆ ಯಾವ ದಪ್ಪ ಎಂದು ಅವರು ಸೀಳುವಾಗಲೇ ತೀರ್ಮಾನಿಸುತ್ತಾರೆ.

ಬಿದಿರಿನಲ್ಲಿ ನಾರು ದಟ್ಟವಾಗಿರುವುದು ಹೊರಸಿಪ್ಪೆಯ ಕಡೆ. ಹೊಳಪು ಕಾಣಲೆಂದೋ ಬಣ್ಣ ಹಿಡಿಯಲೆಂದೋ ಅದನ್ನು ಕೆತ್ತಿ ತೆಗೆಯುವವರು ಬಲವನ್ನೇ ಕೆತ್ತಿ ತೆಗೆಯುತ್ತಾರೆ. ಒಳಗಿನ ಪಿಷ್ಟಕ್ಕೆ ಹುಳು ಬರುತ್ತದೆ, ಆದ್ದರಿಂದ ಕಡಿದ ಗಳವನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವುದು ಹಳೆಯ ರೂಢಿ. ಇನ್ನೂ ಹಗುರ ಬೇಕಿದ್ದರೆ ವಾಟೆ ಬಿದಿರು ಇದೆ. ಗೆಣ್ಣಿನಿಂದ ಗೆಣ್ಣಿಗೆ ಉದ್ದ, ಗೋಡೆ ತೆಳು. ಬೆತ್ತ ಬಾಗುತ್ತದೆ, ಆದರೆ ಕಾಡಿನಿಂದ ಕಡಿದು ತರುವ ಯೋಚನೆ ಬೇಡ, ಅದು ಅರಣ್ಯ ಇಲಾಖೆಯ ವಿಷಯ. ಸಾಗರ, ಸೊರಬದ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ಹಗುರದಲ್ಲಿ ಎಲ್ಲವನ್ನೂ ಮೀರಿಸುತ್ತದೆ, ಒಂದು ಪೆಟ್ಟು ಬಿದ್ದರೆ ಮುಗಿಯಿತು.

ನನ್ನ ಮೆಚ್ಚಿನದು ಅಡಿಕೆ ಹಾಳೆ. ತೋಟದಲ್ಲಿ ಪುಕ್ಕಟೆ ಬೀಳುತ್ತದೆ. ನೆನೆಸಿದರೆ ಹೇಳಿದಂತೆ ಕೇಳುತ್ತದೆ, ಒಣಗಿದಾಗ ಕೊಟ್ಟ ಆಕಾರವನ್ನು ಹಿಡಿದು ಕೂರುತ್ತದೆ. ಹಾಳೆಟೋಪಿಯೂ ಈಗಿನ ಊಟದ ತಟ್ಟೆಯೂ ಹುಟ್ಟಿದ್ದು ಈ ಗುಣದಿಂದಲೇ. ನಾರಿನ ಉದ್ದಕ್ಕೆ ಮಡಚಿದರೆ ಸಲೀಸು, ಒಣಗಿದ ಮೇಲೆ ಅಡ್ಡಕ್ಕೆ ಮಡಚಿದರೆ ಲಟಕ್ಕೆಂದು ಮುರಿಯುತ್ತದೆ. ಹಾಗಾಗಿ ಬೀಸಣಿಗೆಯಂತೆ ತೆರೆದು ಮುಚ್ಚುವ ಅಂಚು ಬೇಕಿದ್ದರೆ ಎಲ್ಲ ಮಡಿಕೆಗಳನ್ನೂ ನಾರಿನ ದಿಕ್ಕಿಗೇ ಹೊಂದಿಸಿಕೊಳ್ಳಬೇಕು. ವಿನ್ಯಾಸವನ್ನು ಹಾಳೆಯೇ ಅರ್ಧ ಬರೆದುಕೊಡುತ್ತದೆ. ಒಂದೇ ತೊಂದರೆ, ಜೂನ್ ತಿಂಗಳು. ಗಾಳಿಯ ತೇವಕ್ಕೆ ಹಾಳೆ ಮತ್ತೆ ಮೆತ್ತಗಾಗಿ ಜೋಲುತ್ತದೆ, ವಾರದೊಳಗೆ ಬೂಷ್ಟು. ಈ ಅಭ್ಯಾಸವನ್ನು ನಾನು ಯಾವಾಗಲೂ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲೇ ಮಾಡಬೇಕೆಂದರೆ ಕಂಬಳಿಗೆ ಮರಳಬೇಕು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಒಂದು ಮೂಲೆಯನ್ನು ಒಳಗೆ ಮಡಚಿದರೆ ತಲೆ, ಬೆನ್ನು ಮುಚ್ಚುವ ಕೊಪ್ಪೆ ಸಿದ್ಧ. ಹೊಲಿಗೆಯಿಲ್ಲ, ಚೌಕಟ್ಟಿಲ್ಲ, ಬಿಚ್ಚಿದರೆ ಹಾಸಿಗೆ.

ರಚನೆ ಸಿದ್ಧವಾದ ಮೇಲೆ ಅದನ್ನು ತೊಟ್ಟು ಶಿವಮೊಗ್ಗದ ಗಾಂಧಿ ಬಜಾರಿಗೆ. ತರಗತಿಯಲ್ಲಿ ಅಂದವಾಗಿ ಕಂಡದ್ದು ಅಲ್ಲಿ ಬೇರೆಯೇ ಆಗುತ್ತದೆ. ದೂರ ನಿಲ್ಲಿ ಎಂದು ಹೇಳಲು ಕಟ್ಟಿದ ದೊಡ್ಡ ಚಿಪ್ಪನ್ನು ತೊಟ್ಟು ಹೂವಿನ ಸಾಲಿನಲ್ಲಿ ನಡೆದರೆ ಜನ ದೂರ ಸರಿಯುವುದಿಲ್ಲ, ಹತ್ತಿರ ಬರುತ್ತಾರೆ. 'ಇದೇನಮ್ಮ?' ಎಂದು ಕೇಳುತ್ತಾರೆ, ಮುಟ್ಟಿ ನೋಡುತ್ತಾರೆ, ಒಬ್ಬರು ಬೆಲೆ ಕೇಳುತ್ತಾರೆ. ವಿಚಿತ್ರವಾದದ್ದು ಕಾವಲುಗಾರನಲ್ಲ, ಆಹ್ವಾನ. ಯಕ್ಷಗಾನದ ವೇಷ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತಿದೆ: ಕಿರೀಟ, ಭುಜಕೀರ್ತಿ ಸೇರಿ ಮನುಷ್ಯನನ್ನು ಎರಡರಷ್ಟು ಹಿಗ್ಗಿಸುವುದು ಎಲ್ಲರ ಕಣ್ಣು ಅಲ್ಲೇ ನೆಡಲಿ ಎಂದು. ಅದೇ ಬಜಾರಿನಲ್ಲಿ ಕೆಲಸ ಮಾಡಿದ್ದು ಒಂದು ಸಣ್ಣ ರಚನೆ. ಸೊಂಟಪಟ್ಟಿಯಿಂದ ಹೊರಟ ವಾಟೆಯ ನಾಲ್ಕಾರು ಸೀಳು, ತುದಿಗೆ ಹಾಳೆಯ ಪಟ್ಟಿ, ದಾರ ಎಳೆದರೆ ಮೈಗೆ ಅಂಟಿಕೊಳ್ಳುತ್ತದೆ, ಬಿಟ್ಟರೆ ಒಂದು ಗೇಣು ಹೊರಗೆ ಚಾಚುತ್ತದೆ. ಯಾರೂ ಅದನ್ನು ಗಮನಿಸಲಿಲ್ಲ. ತಾಗಿದವರು ಮಾತ್ರ ತಾವಾಗಿಯೇ ಸ್ವಲ್ಪ ಸರಿದರು.

ತೊಟ್ಟವಳಿಗಾದ ಬದಲಾವಣೆ ಅದಕ್ಕಿಂತ ಸ್ವಾರಸ್ಯದ್ದು. ಬೆಳಿಗ್ಗೆ ರಚನೆಯನ್ನು ಬಾಗಿಲಿಗೆ ಬಡಿಸಿಕೊಳ್ಳುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಯೋಚಿಸದೆಯೇ ಓರೆಯಾಗಿ ದಾಟುತ್ತಿದ್ದಳು. 1996ರಲ್ಲಿ ಜಪಾನಿನ ಅಟ್ಸುಶಿ ಇರಿಕಿ ಮತ್ತು ಸಂಗಡಿಗರು ಮಂಗಗಳಿಗೆ ಕುಂಟೆಯಂತಹ ಕೋಲಿನಿಂದ ತಿಂಡಿ ಎಳೆದುಕೊಳ್ಳಲು ಕಲಿಸಿ ಅವುಗಳ ಮಿದುಳನ್ನು ಗಮನಿಸಿದ್ದರು. ಕೈಯ ಸುತ್ತಲಿನ ಜಾಗಕ್ಕೆ ಸ್ಪಂದಿಸುತ್ತಿದ್ದ ನರಕೋಶಗಳು, ಕೋಲನ್ನು ಬಳಸಿದ ಮೇಲೆ ಅದರ ಉದ್ದಕ್ಕೂ ಸ್ಪಂದಿಸತೊಡಗಿದವು. ಗೊರಬು ಹೊತ್ತವರು ಕೊಟ್ಟಿಗೆಯ ತಗ್ಗು ಬಾಗಿಲಲ್ಲಿ ತಾವಾಗಿಯೇ ಬಾಗುವುದಕ್ಕೂ ಇಂಥದ್ದೇ ಕಾರಣವಿದ್ದೀತು ಎಂದು ನನ್ನ ಎಣಿಕೆ.

ಸೆನ್ಸರ್ ಹಾಕೋಣವೇ ಎಂಬ ಪ್ರಶ್ನೆ ಪ್ರತಿ ತಂಡದಿಂದಲೂ ಬರುತ್ತದೆ. ಡಚ್ ವಿನ್ಯಾಸಕಿ ಅನೂಕ್ ವಿಪ್ರೆಕ್ಟ್ ಅವರು ಯಾರಾದರೂ ಹತ್ತಿರ ಬಂದರೆ ಜೇಡದ ಕಾಲುಗಳು ಮೇಲೇಳುವ ಉಡುಪನ್ನು ಮಾಡಿದ್ದಾರೆ, ಮಕ್ಕಳೆಲ್ಲ ಅದರ ವಿಡಿಯೋ ನೋಡಿರುತ್ತಾರೆ. ಕಿವಿಗೆ ಕೇಳದ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುವ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಲ್ಟ್ರಾಸಾನಿಕ್ ಸೆನ್ಸರ್ ನಾಲ್ಕು ಮೀಟರ್‌ವರೆಗಿನ ದೂರವನ್ನು ಹೇಳುತ್ತದೆ. ಎದುರಿಗಿರುವುದು ವಿದ್ಯುತ್ ಕಂಬವೋ ಅಕ್ಕನೋ ಎಂದು ಹೇಳುವುದಿಲ್ಲ. ಕಂಬಳಿ ಹೊದ್ದವರು ಬಂದರೆ ಉಣ್ಣೆ ಶಬ್ದವನ್ನು ಹೀರುವುದರಿಂದ ಸೆನ್ಸರ್ ಯಾರೂ ಬಂದೇ ಇಲ್ಲ ಎನ್ನಬಹುದು. ಅದಕ್ಕಿಂತ ದೊಡ್ಡ ತಕರಾರು ನನ್ನದು: 'ಸಾಕು' ಎನ್ನುವ ಮಾತನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಹಿಡಿಕೆ ತೊಟ್ಟವರ ಕೈಯಲ್ಲಿ ಉಳಿಯಲಿಲ್ಲ. ದಾರ ಸಾಕು.

ಕೊನೆಯ ಪರೀಕ್ಷೆಯಲ್ಲಿ ಬಾಗಿಲು ದಾಟಬೇಕು, ಬಸ್ಸಿನ ಸೀಟಿನಲ್ಲಿ ಕೂರಬೇಕು, ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಬೇಕು, ಯಾರ ನೆರವೂ ಇಲ್ಲದೆ ರಚನೆಯನ್ನು ಕಳಚಬೇಕು. ಅದಾದ ಮೇಲೆ ಮತ್ತೆ ತೊಟ್ಟು ಎಲ್ಲರೂ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು, ಭುಜಕ್ಕೆ ಭುಜ ತಾಗುವಂತೆ, ಬಾಳೆಲೆಯ ಮುಂದೆ. ಬಡಿಸುವವರು ಬಗ್ಗಿದಾಗ ಯಾರ ರಚನೆ ಎಷ್ಟು ಮಡಚುತ್ತದೆ ಎಂದು ಆಗ ನೋಡುತ್ತೇನೆ. ಗಟ್ಟಿ ಚಿಪ್ಪು ಕಟ್ಟಿದವರು ಎಲೆಯನ್ನು ಕೈಯಲ್ಲಿ ಹಿಡಿದು ಗೋಡೆಯ ಬದಿಗೆ ನಿಂತು ಉಣ್ಣುತ್ತಾರೆ, ಅವರಿಗೆ ಅಂಕ ಕಡಿಮೆ.