ಚಾಟಿಯ ಹಿಡಿತ, ಬುಗುರಿಯ ನೆಗೆತ

ತಿರುಗುವ ಬುಗುರಿಯನ್ನು ಚಾಟಿಯಿಂದ ಎತ್ತಿ ಅಂಗೈ ಮೇಲೆ ಆಡಿಸುವ ಹುಡುಗನನ್ನು ಕಂಡರೆ ‘ಕೈಗುಣ’ ಎಂದು ಕೈ ತೊಳೆದುಕೊಳ್ಳುತ್ತೇವೆ. ಕೈಗೆ ಅಂಥ ಗುಣವೇನೂ ಇಲ್ಲ. ಚಾಟಿ ಎಷ್ಟು ಸುತ್ತು ಬಳಸಿದೆ ಎಂಬುದನ್ನು ಮೊದಲು ನೋಡಬೇಕು.

ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ. ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಬಳಸಿ ತುದಿ ಹಿಡಿದರೆ ಸಾಕು, ಗಂಟೇ ಬೇಡ, ಹೋರಿ ಜಗ್ಗಿದರೂ ಹಗ್ಗ ಜಾರದು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುವುದಿಲ್ಲ, ಗುಣಿಸುತ್ತದೆ. ಘರ್ಷಣಾ ಗುಣಾಂಕ (ಎರಡು ಮೈಗಳು ಒಂದನ್ನೊಂದು ಎಷ್ಟು ಹಿಡಿಯುತ್ತವೆ ಎಂಬ ಅಳತೆ) 0.3 ಇದ್ದರೆ, ತುದಿ ಹಿಡಿದ ಕೈಯ ಬಲಕ್ಕಿಂತ ಅರ್ಧ ಸುತ್ತಿಗೆ 2.6 ಪಟ್ಟು ಜಗ್ಗನ್ನು ಹಗ್ಗ ತಡೆಯುತ್ತದೆ, ಒಂದು ಸುತ್ತಿಗೆ 6.6, ಎರಡಕ್ಕೆ 43! ಈ ಸೂತ್ರಕ್ಕೆ 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್‌ನ ಹೆಸರಿದೆ. ತಿರುಗುವ ಬುಗುರಿಯ ಸಮೀಕರಣಗಳೂ ಅವನವೇ. ಬಹುಪಾಲು ಕುರುಡಾದ ಮೇಲೂ ಲೆಕ್ಕ ಬಿಡದ ಆಸಾಮಿ.

ನೈಲಾನ್ ದಾರ ಗಟ್ಟಿ, ಅದಕ್ಕೇ ಒಳ್ಳೆಯದು ಎಂಬುದು ತಪ್ಪು. ಅದು ನುಣುಪು, ಗುಣಾಂಕ 0.15ಕ್ಕೆ ಇಳಿದರೆ ಎರಡು ಸುತ್ತಿನ ಹಿಡಿತ 43ರಿಂದ 21ಕ್ಕಲ್ಲ, 6.6ಕ್ಕೆ ಬೀಳುತ್ತದೆ. ಒಂದೂಕಾಲು ಮೀಟರಿನಷ್ಟು ಹತ್ತಿಯ ಚಾಟಿ ತಗೊಳ್ಳಿ, ತುದಿ ಸ್ವಲ್ಪ ಒದ್ದೆ ಮಾಡಿ. ಮೊಳೆಯ ಬುಡದಿಂದ ಹೊಟ್ಟೆಯ ಕಡೆಗೆ ಒತ್ತೊತ್ತಾಗಿ ಸುತ್ತಿ. ಸುತ್ತಿನ ಮೇಲೆ ಸುತ್ತು ಹತ್ತಿದರೆ ಚಾಟಿ ಸಿಕ್ಕಿಕೊಂಡು ಬುಗುರಿ ತಲೆಕೆಳಗಾಗಿ ಬೀಳುತ್ತದೆ.

ಎಸೆದಾಗ ಹೊಟ್ಟೆಯ ಸುತ್ತು ಮೊದಲು ಬಿಚ್ಚುತ್ತದೆ. ಕೊನೆಗೆ ಮೊಳೆಯ ಬಳಿ ಎರಡು, ಒಂದು, ಅರ್ಧ ಎಂದು ಸುತ್ತು ಕಳೆಯುತ್ತಾ ಬಂದಂತೆ ಹಿಡಿತ ಕುಸಿದು ಚಾಟಿ ತಾನೇ ಕಳಚಿಕೊಳ್ಳುತ್ತದೆ. ಮೊಳೆಗೆ ಗಂಟು ಹಾಕಿದ್ದರೆ ಬುಗುರಿ ಚಾಟಿಗೆ ನೇತಾಡುತ್ತಿತ್ತು, ಅಷ್ಟೆ.

ಎತ್ತುವಾಗಲೂ ಇದೇ ಲೆಕ್ಕ. ಬುಗುರಿ ಅಲುಗದೆ ನೆಟ್ಟಗೆ ನಿಂತು ತಿರುಗುತ್ತಿರುವಾಗ ಚಾಟಿಯನ್ನು ಮೊಳೆಯ ಹಿಂದಿನಿಂದ ಅರ್ಧ ಸುತ್ತು ಮಾತ್ರ ಬಳಸಿ, ಎರಡೂ ತುದಿ ಹಿಡಿದು ಮೇಲಕ್ಕೆ ಜಗ್ಗಿ. ಪೂರ್ತಿ ಸುತ್ತು ಹಾಕಿದರೆ ತಿರುಗುವ ಮೊಳೆಯೇ ಚಾಟಿಯನ್ನು ಒಳಕ್ಕೆಳೆದು ಸುತ್ತಿಕೊಂಡು ನಿಂತುಬಿಡುತ್ತದೆ. ಮೊಳೆ ಕನಿಷ್ಠ ಒಂದು ಸೆಂಟಿಮೀಟರ್ ಹೊರಗಿರಬೇಕು, ಇಲ್ಲದಿದ್ದರೆ ಚಾಟಿ ಅಡಿಯಿಂದ ನುಸುಳಿ ಹೋಗುತ್ತದೆ. ಸಡಿಲ ಮಣ್ಣಿನಲ್ಲಿ ಮೊಳೆ ಹೂತುಕೊಳ್ಳುವುದರಿಂದ ಗಟ್ಟಿ ನೆಲ ಅಥವಾ ಸಿಮೆಂಟ್ ಅಂಗಳವೇ ವಾಸಿ.

ಹೀಗೆ ಜಗ್ಗಿದರೂ ಬುಗುರಿ ಮಗುಚದಿರುವುದು ವೇಗದಿಂದ. ಬಲ ಒಂದೇ ಆದರೂ, ತಿರುಗು ವೇಗ ಅರ್ಧವಾದರೆ ವಾಲುವ ಕೋನ ಸುಮಾರು ಎರಡರಷ್ಟು. ತಲೆ ತೂಗಲು ಶುರುವಾಯಿತೆಂದರೆ ಎತ್ತುವ ಹೊತ್ತು ಮೀರಿತು, ಮತ್ತೆ ಸುತ್ತಿ ಎಸೆಯಿರಿ.

ನೆಗೆದ ಬುಗುರಿಗೆ, ಎಡಗೈಯಲ್ಲಿದ್ದ ಚಾಟಿಯ ತುದಿಯನ್ನು ಬಿಟ್ಟು, ಆ ಅಂಗೈಯನ್ನೇ ಒಡ್ಡಿ. ಎದುರಾಳಿಯ ಬುಗುರಿಗೆ ಗುನ್ನ ಹೊಡೆಯಲು ಚೂಪು ಮಾಡಿದ ಮೊಳೆ ಇದಕ್ಕೆ ಬೇಡವೇ ಬೇಡ, ತುದಿಯನ್ನು ಅರದಿಂದ ಉರುಟು ಮಾಡಿಕೊಳ್ಳಿ. ಬುಗುರಿ ತಾಗುವ ಕ್ಷಣಕ್ಕೆ ಕೈಯನ್ನು ಅದರ ಜೊತೆಗೇ ಒಂದು ಗೇಣು ಕೆಳಗಿಳಿಸಿ. ಬಿಗಿಯಾಗಿ ಒಡ್ಡಿದ ಕೈಯಿಂದ ಅದು ಪುಟಿದು ಹೋಗುತ್ತದೆ.