ಸದ್ದು ಮಾಡದ ಸಿನಿಮಾಗಳು ನಮ್ಮ ತನಕ ಬಂದ ದಾರಿ

ಒಳ್ಳೆಯ ಸಣ್ಣ ಚಿತ್ರಗಳನ್ನು ಜನ ನೋಡುವುದೇ ಇಲ್ಲ ಎಂಬ ದೂರು ಹಳೆಯದು. ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ನೋಡೋಕೆ ಏನು ಕಷ್ಟ ಎಂಬ ಮರುಪ್ರಶ್ನೆ ಹೊಸದು. ಎರಡರಲ್ಲೂ ಕಟಕಟೆಗೆ ಬಂದು ನಿಲ್ಲುವುದು ಪ್ರೇಕ್ಷಕನ ಅಭಿರುಚಿಯೇ. ಆದರೆ ಸ್ವತಂತ್ರ ಚಿತ್ರಗಳ, ಸಾಕ್ಷ್ಯಚಿತ್ರಗಳ ಚರಿತ್ರೆ ತಿರುವಿ ಹಾಕಿದರೆ ಅಭಿರುಚಿಯ ಸರದಿ ಬರುವುದು ತೀರಾ ಕೊನೆಗೆ. ಅದಕ್ಕೂ ಮೊದಲು ಪ್ರಿಂಟ್, ಅಂದರೆ ಪರದೆಗೆ ಹಾಕಲು ಚಿತ್ರದ ಪ್ರತಿ ಬೇಕು, ಹಕ್ಕು ಬೇಕು, ತೋರಿಸುವವರು ಬೇಕು.

ತೋರಿಸುವವರು ಮೊದಲು ಸಿಕ್ಕಿದ್ದು ಫಿಲಂ ಸೊಸೈಟಿಗಳಲ್ಲಿ, ಅಂದರೆ ಸದಸ್ಯರು ಒಟ್ಟಾಗಿ ಸಿನಿಮಾ ನೋಡುವ ಸಂಘಗಳಲ್ಲಿ. 1925ರಲ್ಲಿ ಲಂಡನ್, 1947ರಲ್ಲಿ ಕಲ್ಕತ್ತ, ಅದೇ ವರ್ಷ ನ್ಯೂಯಾರ್ಕಿನಲ್ಲಿ ಅಮೋಸ್ ವೋಗೆಲ್ ಕಟ್ಟಿದ 'ಸಿನಿಮಾ 16'. ಸದಸ್ಯರಿಗಷ್ಟೇ ಪ್ರದರ್ಶನವಾದ್ದರಿಂದ ಸೆನ್ಸಾರ್ ಕಾಟ ಕಡಿಮೆ. ವಿಜ್ಞಾನದ ಕಿರುಚಿತ್ರ, ಪ್ರಯೋಗಚಿತ್ರ, ಸಾಕ್ಷ್ಯಚಿತ್ರ ಎಲ್ಲ ಒಂದೇ ಸಂಜೆಗೆ. ಸದಸ್ಯರು ತಾವಾಗಿ ಎಂದೂ ಆರಿಸಿಕೊಳ್ಳದಿದ್ದ ಚಿತ್ರವನ್ನೂ ವೋಗೆಲ್ ಮೇಲಿನ ಭರವಸೆಯಿಂದ ಕೂತು ನೋಡುತ್ತಿದ್ದರು. 1963ರಲ್ಲಿ ಅದು ಮುಚ್ಚಿತು.

ಅಷ್ಟರಲ್ಲಿ ಹೆಗಲ ಮೇಲೆ ಹೊತ್ತು ತಿರುಗಬಲ್ಲ, ಕಿರಿದಾದ ಫಿಲ್ಮಿನ 16 ಎಂಎಂ ಕ್ಯಾಮೆರಾ, ಚಿತ್ರದ ಜೊತೆಗೇ ಧ್ವನಿ ಹಿಡಿಯುವ ಯಂತ್ರ ಬಂದಿದ್ದವು. ನಿರೂಪಕನ ದನಿಯಿಲ್ಲದೆ, ಸಂದರ್ಶನವಿಲ್ಲದೆ ಸುಮ್ಮನೆ ನೋಡುತ್ತ ನಿಲ್ಲುವ ಸಾಕ್ಷ್ಯಚಿತ್ರ ಸಾಧ್ಯವಾದದ್ದು ಹೀಗೆ. ಅಮೆರಿಕದ ಫ್ರೆಡರಿಕ್ ವೈಸ್‌ಮನ್ 1967ರಲ್ಲಿ ಮಾಡಿದ ಇಂಥ ಮೊದಲ ಚಿತ್ರ ಕೋರ್ಟಿನ ನಿಷೇಧದಿಂದಾಗಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾರ್ವಜನಿಕ ಪರದೆ ಕಾಣಲು 1991ರವರೆಗೆ ಕಾಯಬೇಕಾಯಿತು. ಈ ನಡುವೆ, 1971ರಲ್ಲಿ, ಅವರು ತಮ್ಮ ಚಿತ್ರಗಳಿಗೆ ತಮ್ಮದೇ ವಿತರಣಾ ಸಂಸ್ಥೆ ಕಟ್ಟಿಕೊಂಡರು.

ಎಲ್ಲರಿಗೂ ಆ ಅನುಕೂಲ ಇರಲಿಲ್ಲ. ಅಮೆರಿಕದ ನಿರ್ದೇಶಕ ಚಾರ್ಲ್ಸ್ ಬರ್ನೆಟ್ ಅವರ 'ಕಿಲ್ಲರ್ ಆಫ್ ಶೀಪ್' ಚಿತ್ರದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1970ರ ದಶಕದಲ್ಲಿ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಲ್ಲಿ, ವಾರಾಂತ್ಯಗಳಲ್ಲಿ, ಬಹುಪಾಲು ನಟರಲ್ಲದವರನ್ನೇ ಇಟ್ಟುಕೊಂಡು ತೆಗೆದ ಚಿತ್ರ. ಯುಸಿಎಲ್‌ಎ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಗೆ ಸಲ್ಲಿಸಿದ್ದು. ಖರ್ಚು 10,000 ಡಾಲರಿಗೂ ಕಡಿಮೆ. ನಾಯಕ ಸ್ಟ್ಯಾನ್ ಕಸಾಯಿಖಾನೆಯ ಕೂಲಿ. ಒಂದು ದೃಶ್ಯದಲ್ಲಿ ಅವನೂ ಗೆಳೆಯನೂ ಹಳೆಯ ಎಂಜಿನ್ ಒಂದನ್ನು ಕೊಂಡು, ಏದುಸಿರು ಬಿಡುತ್ತ ಮೆಟ್ಟಿಲಿಳಿಸಿ, ಪಿಕಪ್ ಗಾಡಿಯ ಹಿಂಬದಿಯ ಅಂಚಿಗೆ ತಂದು ಇಡುತ್ತಾರೆ. ಇನ್ನಷ್ಟು ಒಳಕ್ಕೆ ತಳ್ಳುವ ತ್ರಾಣ ಇಲ್ಲ. ಗಾಡಿ ಹೊರಡುತ್ತದೆ, ಎಂಜಿನ್ ದಢಕ್ಕನೆ ರಸ್ತೆಗೆ ಬಿದ್ದು ಹಾಳಾಗುತ್ತದೆ. ಇಳಿದು ನೋಡುತ್ತಾರೆ, ಮತ್ತೆ ಹತ್ತಿ ಹೋಗುತ್ತಾರೆ. ಹಿನ್ನೆಲೆಯಲ್ಲಿ ಗೋಳಿಡುವ ಪಿಟೀಲು ಇಲ್ಲ. ಬಡತನದ ಬಗ್ಗೆ ಭಾಷಣ ಬಿಗಿಯುವ ಎಷ್ಟೋ ಚಿತ್ರಗಳು ಹೇಳಲಾಗದ್ದನ್ನು ಈ ದೃಶ್ಯ ಹೇಳುತ್ತದೆ.

ಇಂಥ ಚಿತ್ರ ಸುಮಾರು ಮೂವತ್ತು ವರ್ಷ ಚಿತ್ರಮಂದಿರಕ್ಕೆ ಬರಲಿಲ್ಲ. ಕಾರಣ, ಹಾಡುಗಳು. ಪಾಲ್ ರೋಬ್ಸನ್, ಡೈನಾ ವಾಷಿಂಗ್ಟನ್ ಮೊದಲಾದವರ ಧ್ವನಿಮುದ್ರಿಕೆಗಳನ್ನು ವಿದ್ಯಾರ್ಥಿ ಚಿತ್ರವೆಂದು ಅನುಮತಿ ಪಡೆಯದೆ ಬಳಸಲಾಗಿತ್ತು. ಚಿತ್ರೋತ್ಸವ, ವಸ್ತುಸಂಗ್ರಹಾಲಯ, ಕಾಲೇಜುಗಳಲ್ಲಿ ತೋರಿಸಬಹುದಿತ್ತು, ವ್ಯಾಪಾರಕ್ಕೆ ಬಿಡುವಂತಿರಲಿಲ್ಲ. 1990ರಲ್ಲಿ, ಕಾಪಾಡಿಡಬೇಕಾದ ಚಿತ್ರಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಿದ ಮೇಲೂ ಅದೇ ಸ್ಥಿತಿ: ರಾಷ್ಟ್ರದ ಆಸ್ತಿ, ಆದರೆ ಟಿಕೆಟ್ ಕೊಂಡು ನೋಡುವ ಹಾಗಿಲ್ಲ! ಕೊನೆಗೆ 2007ರಲ್ಲಿ ಸಂಗೀತದ ಹಕ್ಕುಗಳಿಗೇ ಸುಮಾರು 1,50,000 ಡಾಲರ್ ತೆತ್ತ ನಂತರ ಬಿಡುಗಡೆಯಾಯಿತು. ವಿಮರ್ಶಕರು ಕೊಂಡಾಡಿದರು. ಅಷ್ಟು ವರ್ಷ ಅಭಿರುಚಿಗೇನೂ ಬರ ಇರಲಿಲ್ಲ ಎಂದಾಯಿತು.

ಹಕ್ಕು, ಪ್ರಿಂಟ್ ಎಲ್ಲ ಇದ್ದರೂ ತಾಳ್ಮೆಯ ತೊಡಕು ಉಳಿಯುತ್ತದೆ. ಷಿಕಾಗೋದ ಇಬ್ಬರು ಬ್ಯಾಸ್ಕೆಟ್‌ಬಾಲ್ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿದ 'ಹೂಪ್ ಡ್ರೀಮ್ಸ್' (1994) ಹತ್ತಿರ ಹತ್ತಿರ ಮೂರು ಗಂಟೆಯದು. ಆಗ ಆಸ್ಕರ್ ಸಾಕ್ಷ್ಯಚಿತ್ರ ಸಮಿತಿಯಲ್ಲಿ, ಸಾಕೆನಿಸಿದವರು ಟಾರ್ಚ್ ಬೆಳಗಿಸುವ ಪದ್ಧತಿಯಿತ್ತು; ಹೆಚ್ಚು ಟಾರ್ಚ್ ಬೆಳಗಿದರೆ ಪ್ರದರ್ಶನ ಬಂದ್. ಸುಮಾರು ಇಪ್ಪತ್ತು ನಿಮಿಷಕ್ಕೇ ಈ ಚಿತ್ರವನ್ನು ನಿಲ್ಲಿಸಿದರೆಂದು ವರದಿಯಾಯಿತು. ಸಾಕ್ಷ್ಯಚಿತ್ರ ವಿಭಾಗದಲ್ಲಿ ನಾಮನಿರ್ದೇಶನ ಸಿಗಲಿಲ್ಲ, ಗದ್ದಲವೆದ್ದು ನಿಯಮಗಳೇ ಬದಲಾದವು.

ಸ್ಟ್ರೀಮಿಂಗ್ ಬಂದ ಮೇಲೆ ಟಾರ್ಚ್ ನಮ್ಮ ಕೈಯಲ್ಲೇ ಇದೆ. 2020ರ ಹೊತ್ತಿಗೆ ನೆಟ್‌ಫ್ಲಿಕ್ಸ್ ಎರಡು ನಿಮಿಷ ನೋಡಿದರೂ ಅದನ್ನೊಂದು ವೀಕ್ಷಣೆಯೆಂದು ಎಣಿಸುತ್ತಿತ್ತು. ಮುಂದಿನ ವರ್ಷ ನೋಡಿದ ಗಂಟೆಗಳ ಲೆಕ್ಕಕ್ಕೆ ಬದಲಾಯಿತು. ನಿಧಾನವಾಗಿ ತೆರೆದುಕೊಳ್ಳುವ ಚಿತ್ರಕ್ಕೆ ಎರಡು ಅಳತೆಯೂ ಒಗ್ಗುವುದಿಲ್ಲ. ಹಳೆಯ, ಅಪರೂಪದ ಚಿತ್ರಗಳಿಗೆಂದೇ ಇದ್ದ ಫಿಲ್ಮ್‌ಸ್ಟ್ರಕ್ ಎಂಬ ಸೇವೆ ಎರಡೇ ವರ್ಷ ನಡೆದು 2018ರಲ್ಲಿ ನಿಂತಿತು. ವೇದಿಕೆಗಳಲ್ಲಿ ಚಿತ್ರ ಇರುವುದು ಪರವಾನಗಿಯ ಅವಧಿ ಇರುವ ತನಕ ಮಾತ್ರ. ಹಾಗಾಗಿ ಇಂಥ ಚಿತ್ರಗಳ ಹುಚ್ಚಿರುವವರು ಇನ್ನೂ ಡಿಸ್ಕ್ ಕೊಂಡಿಟ್ಟುಕೊಳ್ಳುವುದನ್ನು ನೋಡಿ ನಗಬೇಕಿಲ್ಲ.

ಈಗ ಇನ್ನೊಂದು ಗಂಟು ಬಿಗಿಯಾಗುತ್ತಿದೆ. 1990ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಕಡಿಮೆ ಹಣದ ಸಾಕ್ಷ್ಯಚಿತ್ರಗಳೆಲ್ಲ ಹೆಚ್ಚಾಗಿ ಮಿನಿ ಡಿವಿ ಎಂಬ ಪುಟ್ಟ ಡಿಜಿಟಲ್ ವಿಡಿಯೊ ಟೇಪಿನಲ್ಲಿ ಚಿತ್ರಿತವಾದವು. ಬರ್ನೆಟ್‌ರ 16 ಎಂಎಂ ನೆಗೆಟಿವ್ ಡಬ್ಬದಲ್ಲಿ ಇದ್ದುದರಿಂದ ದಶಕಗಳ ನಂತರವೂ ಚಿತ್ರಮಂದಿರದ ಅಳತೆಯಾದ 35 ಎಂಎಂಗೆ ಏರಿಸಲಾಯಿತು. ಮಿನಿ ಡಿವಿಯ ಕಾಂತೀಯ ಟೇಪ್ ಸವೆಯುತ್ತದೆ, ಅದನ್ನು ಓಡಿಸುವ ಯಂತ್ರಗಳು ಅಪರೂಪವಾಗುತ್ತಿವೆ. ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಪಕ್ಕದಲ್ಲಿ ಕೂರಲು ಒಬ್ಬರೂ ಬೇಕು.